ಅನಿರೀಕ್ಷಿತ ಆನ್‌ಲೈನ್ ಸಾಲದ ಬಾಕಿ ಮತ್ತು ವಸೂಲಾತಿ: ತುಮಕೂರು, ಗುಬ್ಬಿ ಹಾಗೂ ಕುಣಿಗಲ್ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಸಹಕಾರ ಸಂಘದಲ್ಲಿ ಬೆಳೆ ಸಾಲಕ್ಕೆ ಅಥವಾ ಬ್ಯಾಂಕಿನಲ್ಲಿ ಮಕ್ಕಳ ಶಿಕ್ಷಣ ಸಾಲಕ್ಕೆ ಅರ್ಜಿ ಸಲ್ಲಿಸಿದಾಗ, ಹೆಸರನ್ನೇ ಕೇಳಿರದ ಸಂಸ್ಥೆಯೊಂದರಲ್ಲಿ ತಮ್ಮ ಹೆಸರಿಗೆ ಸಾಲ ಬಾಕಿ ಇದೆ ಎಂಬ ಸಂಗತಿ ಕೆಲವು ಅರ್ಜಿದಾರರಿಗೆ ಮೊದಲ ಬಾರಿಗೆ ತಿಳಿದುಬರುತ್ತದೆ. ಮತ್ತೆ ಕೆಲವರಿಗೆ ಇದು ವಸೂಲಿ ಏಜೆನ್ಸಿಯ ದೂರವಾಣಿ ಕರೆಯಿಂದ ಗೊತ್ತಾಗುತ್ತದೆ. ಕರೆ ಮಾಡಿದವರು ಇಂದೇ ಹಣ ಕಟ್ಟಬೇಕೆಂದೂ, ಕಟ್ಟದಿದ್ದಲ್ಲಿ ಮನೆಗೆ ಪೊಲೀಸರು ಬರುವರೆಂದೂ ಹೇಳುವುದುಂಟು. ಮಾನಕ್ಕೆ ಅಂಜಿ, ಸಾಲ ತಮ್ಮದೇ ಎಂಬುದನ್ನೂ ವಿಚಾರಿಸದೆ ಹಣ ಕಟ್ಟುವವರಿದ್ದಾರೆ. ಕರೆಯನ್ನು ಕಡೆಗಣಿಸಿ, ಮುಂದೆ ನ್ಯಾಯಾಲಯದ ಆದೇಶ ಬಂದ ಮೇಲೆ ಪರದಾಡುವವರೂ ಇದ್ದಾರೆ.

ಈ ಎರಡೂ ಮಾರ್ಗಗಳು ಸರಿಯಲ್ಲ. ವಸೂಲಿ ಕರೆಯಾಗಲಿ, ಸಂದೇಶವಾಗಲಿ ಸಾಲ ಇದೆ ಎಂಬುದಕ್ಕೆ ಪುರಾವೆಯಲ್ಲ. ಸಾಲ ಯಾರದು, ಎಷ್ಟು, ಯಾರಿಗೆ ಸಲ್ಲಬೇಕು ಎಂಬುದನ್ನು ದಾಖಲೆಯ ಮೂಲಕ ತೋರಿಸಬೇಕಾದ ಹೊಣೆ ಹಣ ಕೇಳುವವರದು. ಅದನ್ನು ಲಿಖಿತವಾಗಿ ಕೇಳುವುದು ನಾಗರಿಕರ ಹಕ್ಕು. ಈ ಹಕ್ಕನ್ನು ಬಳಸುವ ವಿಧಾನವನ್ನು ಹಾಗೂ ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ನಿವಾಸಿಗಳು ಸಂಪರ್ಕಿಸಬಹುದಾದ ಕಚೇರಿಗಳ ವಿವರವನ್ನು ಈ ಕೆಳಗೆ ನೀಡಲಾಗಿದೆ.

2. ಇಂತಹ ಬಾಕಿ ಹೇಗೆ ಉಂಟಾಗುತ್ತದೆ?

ಅನಿರೀಕ್ಷಿತ ಬಾಕಿಯು ಸಾಮಾನ್ಯವಾಗಿ ಮೂರು ಬಗೆಯದಾಗಿರುತ್ತದೆ. ಪರಿಹಾರದ ಮಾರ್ಗವು ಬಾಕಿಯ ಬಗೆಯನ್ನು ಅವಲಂಬಿಸಿರುವುದರಿಂದ ಮೊದಲು ಇದನ್ನು ನಿರ್ಧರಿಸಿಕೊಳ್ಳುವುದು ಅಗತ್ಯ.

(ಅ) ಮರೆತುಹೋದ ಅಥವಾ ಅರಿವಿಲ್ಲದೆ ಪಡೆದ ಸಾಲ: ಮೊಬೈಲ್ ಮೂಲಕ ವಸ್ತು ಖರೀದಿಸುವಾಗ "ಈಗ ಖರೀದಿಸಿ, ನಂತರ ಪಾವತಿಸಿ" ಎಂಬ ಆಯ್ಕೆಯನ್ನು ಒತ್ತಿದಲ್ಲಿ ಅದು ಸಾಲವೇ ಆಗಿರುತ್ತದೆ. ಹಣ ನೀಡುವುದು ಅಂಗಡಿಯಲ್ಲ. ಅದರ ಹಿಂದಿರುವ ಬ್ಯಾಂಕ್ ಅಥವಾ ಬ್ಯಾಂಕೇತರ ಹಣಕಾಸು ಸಂಸ್ಥೆ. ವಸ್ತುವನ್ನು ಹಿಂದಿರುಗಿಸಿದರೂ ಸಾಲದ ಖಾತೆ ಮುಕ್ತಾಯವಾಗದೆ ಉಳಿಯಬಹುದು. ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ, ಕೊನೆಯ ಕಂತಿನಲ್ಲಿ ಉಳಿದ ಅಲ್ಪ ಮೊತ್ತ ಮುಂತಾದವು ಶುಲ್ಕಗಳೊಂದಿಗೆ ಬೆಳೆದು ವಸೂಲಿಗೆ ಹೋಗುವುದುಂಟು.

(ಆ) ಬೇರೊಬ್ಬರು ಪಡೆದ ಸಾಲ: ಆಧಾರ್ ಮತ್ತು ಪ್ಯಾನ್ ಪ್ರತಿಗಳನ್ನು ಸಿಮ್ ಖರೀದಿ, ಬಾಡಿಗೆ ಕರಾರು, ಉದ್ಯೋಗದ ಅರ್ಜಿ ಹೀಗೆ ಹಲವೆಡೆ ನೀಡಲಾಗುತ್ತದೆ. ಈ ಪ್ರತಿಗಳು ದುರುಪಯೋಗವಾಗಬಹುದು. ಪರಿಚಿತರು ಅಥವಾ ಬಂಧುಗಳು ಒಟಿಪಿ ಪಡೆದುಕೊಂಡು ಸಾಲ ತೆಗೆದಿರುವ ಸಾಧ್ಯತೆಯೂ ಇರುತ್ತದೆ.

(ಇ) ಇಲ್ಲದ ಸಾಲ: ಅನಧಿಕೃತ ಆ್ಯಪ್‌ಗಳು ಕೇಳದೆಯೇ ಸಣ್ಣ ಮೊತ್ತವನ್ನು ಖಾತೆಗೆ ಹಾಕಿ ಅದರ ಹಲವು ಪಟ್ಟು ಕೇಳುತ್ತವೆ, ಅಥವಾ ಏನನ್ನೂ ನೀಡದೆ ಸುಳ್ಳು ಬೇಡಿಕೆ ಇಡುತ್ತವೆ.

ಮೂರನೆಯ ಬಗೆಯ ವ್ಯಾಪ್ತಿಯನ್ನು ಅಲ್ಪವೆಂದು ಭಾವಿಸಬಾರದು. ಭಾರತೀಯ ರಿಸರ್ವ್ ಬ್ಯಾಂಕ್ 2021ರ ಜನವರಿಯಲ್ಲಿ ನೇಮಿಸಿದ್ದ ಕಾರ್ಯತಂಡವು ಅಂದು ದೇಶದ ಬಳಕೆದಾರರಿಗೆ ಲಭ್ಯವಿದ್ದ ಸುಮಾರು 1100 ಸಾಲದ ಆ್ಯಪ್‌ಗಳನ್ನು ಪರಿಶೀಲಿಸಿ, ಅವುಗಳಲ್ಲಿ ಸುಮಾರು 600 ಕಾನೂನುಬಾಹಿರವೆಂದು ವರದಿ ಮಾಡಿತು. 2022ರ ಸೆಪ್ಟೆಂಬರ್‌ನಲ್ಲಿ ಜಾರಿ ನಿರ್ದೇಶನಾಲಯವು ಸಾಲದ ಆ್ಯಪ್‌ಗಳಿಗೆ ಸಂಬಂಧಿಸಿದಂತೆ ಬೆಂಗಳೂರಿನಲ್ಲಿ ಶೋಧ ನಡೆಸಿತು. ಈ ತನಿಖೆಗೆ ಆಧಾರವಾದದ್ದು ಬೆಂಗಳೂರು ನಗರದ ಸೈಬರ್ ಕ್ರೈಂ ಠಾಣೆಯಲ್ಲಿ ನಾಗರಿಕರ ದೂರುಗಳ ಮೇಲೆ ದಾಖಲಾಗಿದ್ದ 18 ಪ್ರಕರಣಗಳು.

ಇಂತಹ ಆ್ಯಪ್‌ಗಳ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಆ್ಯಪ್ ಒಂದು 10,000 ರೂಪಾಯಿ ಸಾಲವೆಂದು ತೋರಿಸಿ, 3,000 ರೂಪಾಯಿಯನ್ನು ಶುಲ್ಕವೆಂದು ಮೊದಲೇ ಮುರಿದುಕೊಂಡು 7,000 ರೂಪಾಯಿ ನೀಡುತ್ತದೆ. 7 ದಿನಗಳಲ್ಲಿ 10,000 ರೂಪಾಯಿ ಕೇಳುತ್ತದೆ. ಇದು ವಾರಕ್ಕೆ ಶೇಕಡ 42ಕ್ಕೂ ಹೆಚ್ಚು, ಸರಳ ಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಶೇಕಡ 2,200ಕ್ಕೂ ಹೆಚ್ಚು ದರವಾಗುತ್ತದೆ.

3. ಮೊದಲ ಕರೆ ಬಂದಾಗ ಅನುಸರಿಸಬೇಕಾದ ಕ್ರಮ

• ಕರೆ ಮಾಡಿದವರ ಹೆಸರು, ಏಜೆನ್ಸಿಯ ಹೆಸರು, ಸಾಲ ನೀಡಿದ ಸಂಸ್ಥೆಯ ಪೂರ್ಣ ಹೆಸರು ಮತ್ತು ಸಾಲದ ಖಾತೆ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳುವುದು. ದಿನಾಂಕ ಮತ್ತು ವೇಳೆಯನ್ನೂ ಗುರುತು ಮಾಡಿಕೊಳ್ಳುವುದು.
• "ವಿವರಗಳನ್ನು ಲಿಖಿತವಾಗಿ ಕಳುಹಿಸಿ" ಎಂದಷ್ಟೇ ತಿಳಿಸಿ ಮಾತು ಮುಗಿಸುವುದು.
• ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಒಟಿಪಿ ಇವುಗಳನ್ನು ಕರೆಯಲ್ಲಿ ತಿಳಿಸದಿರುವುದು. "ಪರಿಶೀಲನೆಗಾಗಿ" ಎಂದು ಕೇಳಿದರೂ ನೀಡಬಾರದು.
• ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದಿರುವುದು. ಕ್ಯೂಆರ್ ಕೋಡ್ ಅಥವಾ ವೈಯಕ್ತಿಕ ಯುಪಿಐ ಸಂಖ್ಯೆಗೆ ಹಣ ಕಳುಹಿಸದಿರುವುದು.
• "ಸದ್ಯಕ್ಕೆ 500 ರೂಪಾಯಿ ಕಟ್ಟಿ, ಉಳಿದದ್ದನ್ನು ಆಮೇಲೆ ನೋಡೋಣ" ಎಂಬ ಸಲಹೆಯನ್ನು ಒಪ್ಪದಿರುವುದು. ತಮ್ಮದಲ್ಲದ ಸಾಲಕ್ಕೆ ಅಲ್ಪ ಮೊತ್ತ ಕಟ್ಟಿದರೂ ಅದನ್ನು ಸಾಲದ ಒಪ್ಪಿಗೆಯೆಂದು ಮುಂದೆ ವಾದಿಸಲು ಅವಕಾಶವಾಗುತ್ತದೆ.
• ಸಂದೇಶ, ಧ್ವನಿಮುದ್ರಣ, ಪರದೆಯ ಚಿತ್ರಗಳನ್ನು ಅಳಿಸದೆ ಕಾಯ್ದಿಡುವುದು. ಆ್ಯಪ್ ತೆಗೆದುಹಾಕುವ ಮೊದಲು ಅದರಲ್ಲಿನ ಸಾಲದ ವಿವರಗಳ ಚಿತ್ರ ತೆಗೆದುಕೊಂಡು, ಅದಕ್ಕೆ ನೀಡಿರುವ ಅನುಮತಿಗಳನ್ನು ಹಿಂಪಡೆಯುವುದು.

4. ಸಾಲದಾತ ಸಂಸ್ಥೆಯನ್ನು ಗುರುತಿಸುವುದು

ಆ್ಯಪ್‌ನ ಹೆಸರು ಬೇರೆ, ಸಾಲ ನೀಡಿದ ಸಂಸ್ಥೆಯ ಹೆಸರು ಬೇರೆ, ವಸೂಲಿ ಏಜೆನ್ಸಿಯ ಹೆಸರು ಬೇರೆ ಇರುವುದು ಸಾಮಾನ್ಯ. ಸಾಲದ ಜವಾಬ್ದಾರಿ ಇರುವುದು ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಒಳಪಟ್ಟ ಬ್ಯಾಂಕ್ ಅಥವಾ ಬ್ಯಾಂಕೇತರ ಹಣಕಾಸು ಸಂಸ್ಥೆಗೆ. ಏಜೆನ್ಸಿಯ ನಡವಳಿಕೆಗೂ ಆ ಸಂಸ್ಥೆಯೇ ಹೊಣೆ.

ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ನೋಂದಾಯಿತ ಹಣಕಾಸು ಸಂಸ್ಥೆಗಳ ಪಟ್ಟಿ ಇದೆ. ನಿಯಂತ್ರಿತ ಸಂಸ್ಥೆಗಳೊಂದಿಗೆ ಸಂಬಂಧ ಹೊಂದಿರುವ ಸಾಲದ ಆ್ಯಪ್‌ಗಳ ಪಟ್ಟಿಯನ್ನೂ 2025ರ ಜುಲೈ 1ರಿಂದ ಪ್ರಕಟಿಸಲಾಗಿದೆ. ಎರಡೂ ಪಟ್ಟಿಗಳಲ್ಲಿ ಹೆಸರು ಕಾಣದಿದ್ದಲ್ಲಿ ಬೇಡಿಕೆಯು ಮೇಲಿನ (ಇ) ಬಗೆಗೆ ಸೇರಿರುವ ಸಾಧ್ಯತೆ ಹೆಚ್ಚು. ಅನಧಿಕೃತ ಸಂಸ್ಥೆಗಳ ಕುರಿತು "ಸಚೇತ್" ಪೋರ್ಟಲ್‌ನಲ್ಲಿ ದೂರು ನೀಡಬಹುದು.

ನಿಯಂತ್ರಿತ ಸಂಸ್ಥೆಗಳು ಆನ್‌ಲೈನ್ ಸಾಲ ನೀಡುವಾಗ ಪಾಲಿಸಬೇಕಾದ ನಿಯಮಗಳನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿ, 2025ರಲ್ಲಿ ಕ್ರೋಡೀಕರಿಸಿತು. ಅವುಗಳಲ್ಲಿ ಮುಖ್ಯವಾದವು:

• ಸಾಲದ ಹಣವು ನೇರವಾಗಿ ಸಾಲಗಾರರ ಬ್ಯಾಂಕ್ ಖಾತೆಗೆ ಜಮೆಯಾಗಬೇಕು; ಮರುಪಾವತಿಯೂ ನೇರವಾಗಿ ಸಂಸ್ಥೆಯ ಖಾತೆಗೇ ಸಲ್ಲಬೇಕು. ಕಾನೂನಿನಲ್ಲಿ ಅವಕಾಶವಿರುವ ಕೆಲವು ವಿನಾಯಿತಿಗಳ ಹೊರತು ಮಧ್ಯವರ್ತಿಯ ಖಾತೆಯ ಮೂಲಕ ಹಣ ಸಾಗುವಂತಿಲ್ಲ.
• ವಾರ್ಷಿಕ ಒಟ್ಟು ವೆಚ್ಚದ ದರ ಹಾಗೂ ಎಲ್ಲ ಶುಲ್ಕಗಳನ್ನು ತೋರಿಸುವ ಪ್ರಮುಖ ಅಂಶಗಳ ವಿವರಣಾ ಪತ್ರವನ್ನು ಸಾಲಕ್ಕೆ ಮುನ್ನವೇ ನೀಡಬೇಕು. ಆ ಪತ್ರದಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರರ ಒಪ್ಪಿಗೆಯಿಲ್ಲದೆ ವಿಧಿಸುವಂತಿಲ್ಲ.
• ಸಾಲ ಬೇಡವೆನಿಸಿದಲ್ಲಿ ಅಸಲು ಮತ್ತು ಅಷ್ಟು ದಿನಗಳ ಬಡ್ಡಿ ಕಟ್ಟಿ ಹೊರಬರಲು ಕನಿಷ್ಠ ಒಂದು ದಿನದ ಅವಕಾಶ ಇರಬೇಕು.
• ಸಾಲದ ಮಿತಿಯನ್ನು ಸಾಲಗಾರರು ಕೇಳದೆ ತಾನಾಗಿ ಹೆಚ್ಚಿಸುವಂತಿಲ್ಲ.
• ಆ್ಯಪ್ ಮೊಬೈಲಿನಲ್ಲಿರುವ ದೂರವಾಣಿ ಸಂಖ್ಯೆಗಳ ಪಟ್ಟಿ, ಕರೆಗಳ ವಿವರ, ಚಿತ್ರಗಳನ್ನು ನೋಡುವಂತಿಲ್ಲ.
• ವಸೂಲಿಗೆ ಏಜೆಂಟರನ್ನು ನೇಮಿಸಿದಲ್ಲಿ, ಏಜೆಂಟರು ಸಂಪರ್ಕಿಸುವ ಮೊದಲೇ ಅವರ ವಿವರವನ್ನು ಸಂಸ್ಥೆಯು ಇ-ಮೇಲ್ ಅಥವಾ ಎಸ್‌ಎಂಎಸ್ ಮೂಲಕ ಸಾಲಗಾರರಿಗೆ ತಿಳಿಸಬೇಕು. ಇಂತಹ ಪೂರ್ವಸೂಚನೆ ಇಲ್ಲದೆ ಬಂದ ಕರೆಯನ್ನು ಸಂಶಯದಿಂದಲೇ ನೋಡಬೇಕು.

5. ಲಿಖಿತ ಆಕ್ಷೇಪಣೆ ಸಲ್ಲಿಸುವುದು

ಸಂಸ್ಥೆ ಯಾವುದೆಂದು ತಿಳಿದ ಕೂಡಲೇ ಅದರ ಕುಂದುಕೊರತೆ ಪರಿಹಾರ ಅಧಿಕಾರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಅಧಿಕಾರಿಯ ಹೆಸರು ಮತ್ತು ವಿಳಾಸವನ್ನು ಸಂಸ್ಥೆಯ ಜಾಲತಾಣದಲ್ಲಿ ಪ್ರಕಟಿಸುವುದು ಕಡ್ಡಾಯ. ಇ-ಮೇಲ್ ಕಳುಹಿಸುವುದರ ಜೊತೆಗೆ ಸ್ಪೀಡ್ ಪೋಸ್ಟ್ ಮೂಲಕ ಒಂದು ಪ್ರತಿಯನ್ನು ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳುವುದು ಸೂಕ್ತ. ಮಾದರಿ ಈ ಕೆಳಕಂಡಂತಿದೆ:

"ಮಾನ್ಯರೇ, ಖಾತೆ ಸಂಖ್ಯೆ ........ ಇದರಲ್ಲಿ ನನ್ನ ಹೆಸರಿನಲ್ಲಿ ರೂ. ........ ಬಾಕಿ ಇದೆಯೆಂದು ದಿನಾಂಕ ........ ರಂದು ದೂರವಾಣಿ ಮೂಲಕ ತಿಳಿಸಲಾಗಿದೆ. ಸದರಿ ಬಾಕಿಯನ್ನು ನಾನು ಒಪ್ಪಿಕೊಂಡಿರುವುದಿಲ್ಲ. ಈ ಕೆಳಗಿನ ದಾಖಲೆಗಳನ್ನು ಒದಗಿಸಬೇಕಾಗಿ ಕೋರುತ್ತೇನೆ: (1) ಸಾಲದ ಕರಾರು ಹಾಗೂ ಪ್ರಮುಖ ಅಂಶಗಳ ವಿವರಣಾ ಪತ್ರ; (2) ಹಣ ಜಮೆಯಾದ ಬ್ಯಾಂಕ್ ಖಾತೆ, ದಿನಾಂಕ ಮತ್ತು ವಹಿವಾಟಿನ ಸಂಖ್ಯೆ; (3) ಗುರುತಿನ ಪರಿಶೀಲನೆಗೆ ಪಡೆದ ದಾಖಲೆ, ಭಾವಚಿತ್ರ, ಮೊಬೈಲ್ ಸಂಖ್ಯೆ; (4) ಅಸಲು, ಬಡ್ಡಿ, ದಂಡ ಶುಲ್ಕಗಳನ್ನು ಪ್ರತ್ಯೇಕವಾಗಿ ತೋರಿಸುವ ಖಾತೆಯ ವಿವರ; (5) ವಸೂಲಿ ಏಜೆನ್ಸಿಗೆ ನೀಡಿದ ಅಧಿಕಾರ ಪತ್ರ. ವಿಚಾರಣೆ ಮುಗಿಯುವವರೆಗೆ ವಸೂಲಿ ಕ್ರಮವನ್ನು ತಡೆಹಿಡಿದು, ಸಾಲ ಮಾಹಿತಿ ಸಂಸ್ಥೆಗಳಿಗೆ ಈ ಖಾತೆಯು ವಿವಾದದಲ್ಲಿದೆ ಎಂದು ತಿಳಿಸಲು ಕೋರಿದೆ."

ಎರಡನೆಯ ಅಂಶವು ಅತ್ಯಂತ ಮಹತ್ವದ್ದು. ನಗದು ಸಾಲವಾದಲ್ಲಿ ಹಣವು ಯಾವುದಾದರೊಂದು ಬ್ಯಾಂಕ್ ಖಾತೆಗೆ ಹೋಗಿರಲೇಬೇಕು. ಆ ಖಾತೆ ಅರ್ಜಿದಾರರದಲ್ಲ ಎಂದಾದಲ್ಲಿ ಪ್ರಕರಣದ ಬಹುಭಾಗ ಅಲ್ಲಿಯೇ ಇತ್ಯರ್ಥವಾಗುತ್ತದೆ.

6. ಸಾಲ ತಮ್ಮದೇ ಎಂದು ಕಂಡುಬಂದಲ್ಲಿ

ದಾಖಲೆಗಳನ್ನು ನೋಡಿದ ಮೇಲೆ ಸಾಲ ತಮ್ಮದೇ ಎಂದು ತಿಳಿದಲ್ಲಿ ಅದನ್ನು ತೀರಿಸುವುದೇ ಸರಿಯಾದ ಮಾರ್ಗ. ಆದರೆ ಕೇಳಿದಷ್ಟನ್ನೂ ಕಟ್ಟಬೇಕೆಂದಿಲ್ಲ. ಅಸಲು, ಒಪ್ಪಿದ ಬಡ್ಡಿ ಮತ್ತು ದಂಡವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿಸಬೇಕು. ಕಂತು ತಪ್ಪಿದ್ದಕ್ಕೆ ದಂಡವನ್ನು ಬಡ್ಡಿಯ ದರಕ್ಕೆ ಸೇರಿಸುವಂತಿಲ್ಲವೆಂದೂ, ಅದನ್ನು ಶುಲ್ಕವಾಗಿ ಮಾತ್ರ ವಿಧಿಸಬೇಕೆಂದೂ, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲವೆಂದೂ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಆದೇಶಿಸಿದ್ದು, ಇದು 2024ರಿಂದ ಜಾರಿಯಲ್ಲಿದೆ.

ಒಂದೇ ಬಾರಿಗೆ ಕಟ್ಟಲಾಗದಿದ್ದಲ್ಲಿ ಕಂತುಗಳನ್ನು ಮರುನಿಗದಿ ಮಾಡಲು ಲಿಖಿತವಾಗಿ ಕೋರಬಹುದು. ರಿಯಾಯಿತಿ ಮೊತ್ತಕ್ಕೆ ಒಪ್ಪಂದವಾದಲ್ಲಿ ಸಂಸ್ಥೆಯ ಪತ್ರ ಕೈಸೇರಿದ ನಂತರವೇ, ಸಂಸ್ಥೆಯ ಖಾತೆಗೇ ಹಣ ಕಟ್ಟಬೇಕು. ಏಜೆಂಟರ ಮಾತನ್ನು ನಂಬಿ ಕಟ್ಟಿದ ಹಣ ಖಾತೆಗೆ ಜಮೆಯಾಗದಿರುವ ಅಪಾಯವಿದೆ. ರಿಯಾಯಿತಿಯಲ್ಲಿ ತೀರಿಸಿದ ಸಾಲವು ಸಾಲ ಮಾಹಿತಿ ವರದಿಯಲ್ಲಿ "ಮುಕ್ತಾಯ" ಎಂದಲ್ಲದೆ "ರಾಜಿ" ಎಂದು ದಾಖಲಾಗುತ್ತದೆ. ಇದು ಮುಂದಿನ ಸಾಲಕ್ಕೆ ಅಡ್ಡಿಯಾಗಬಹುದಾದ್ದರಿಂದ, ಶಕ್ತರಾದವರು ನ್ಯಾಯವಾದ ಮೊತ್ತವನ್ನು ಪೂರ್ಣವಾಗಿ ತೀರಿಸಿ ಬೇಬಾಕಿ ಪತ್ರ ಪಡೆಯುವುದು ಮೇಲು.

ಕೋರದೆಯೇ ಕ್ರೆಡಿಟ್ ಕಾರ್ಡ್ ನೀಡುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ. ಒಪ್ಪಿಗೆಯಿಲ್ಲದೆ ನೀಡಿದ ಕಾರ್ಡಿಗೆ ಶುಲ್ಕ ವಿಧಿಸಿದ್ದಲ್ಲಿ ಅದನ್ನು ಹಿಂದಿರುಗಿಸುವುದರ ಜೊತೆಗೆ, ಹಿಂದಿರುಗಿಸಿದ ಮೊತ್ತದ ಎರಡರಷ್ಟನ್ನು ದಂಡವಾಗಿ ಗ್ರಾಹಕರಿಗೆ ನೀಡಬೇಕೆಂಬ ನಿಯಮವಿದೆ.

7. ಬೇರೊಬ್ಬರು ಸಾಲ ಪಡೆದಿದ್ದಲ್ಲಿ

ಇದು ಗುರುತಿನ ಕಳವು ಆಗಿದ್ದು, ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಮತ್ತು 66ಡಿ ಕಲಮುಗಳ ಅಡಿಯಲ್ಲಿ ಶಿಕ್ಷಾರ್ಹ ಅಪರಾಧವಾಗಿರುತ್ತದೆ.

• ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ದೂರಿನ ಪ್ರತಿಯನ್ನು ಸಂಸ್ಥೆಗೆ ಕಳುಹಿಸಬೇಕು. ಹಣ ಕಳೆದುಕೊಂಡಿದ್ದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಹಣ ಬೇರೆ ಖಾತೆಗಳಿಗೆ ಸಾಗುವ ಮುನ್ನ ಅದನ್ನು ತಡೆಹಿಡಿಯಲು ಇದರಿಂದ ಸಾಧ್ಯವಾಗಬಹುದು.
• "ಸಂಚಾರ ಸಾಥಿ" ಪೋರ್ಟಲ್‌ನಲ್ಲಿ ತಮ್ಮ ಹೆಸರಿನಲ್ಲಿರುವ ಮೊಬೈಲ್ ಸಂಪರ್ಕಗಳನ್ನು ನೋಡಿ, ತಮ್ಮದಲ್ಲದವುಗಳ ಬಗ್ಗೆ ವರದಿ ಮಾಡಬೇಕು.
• ಆಧಾರ್ ದೃಢೀಕರಣದ ಇತಿಹಾಸವನ್ನು ಪರಿಶೀಲಿಸಿ, ಬೆರಳಚ್ಚು ಮುಂತಾದ ಜೈವಿಕ ಗುರುತುಗಳಿಗೆ ಬೀಗ ಹಾಕಿಸಬಹುದು. ಸಹಾಯವಾಣಿ ಸಂಖ್ಯೆ 1947.

ಬಂಧುಗಳೇ ಸಾಲ ಪಡೆದಿರುವುದು ತಿಳಿದುಬಂದಲ್ಲಿ, ದೂರು ನೀಡದೆ ಸಂಸ್ಥೆಯ ದಾಖಲೆಯನ್ನು ಸರಿಪಡಿಸಿಕೊಳ್ಳುವುದು ಕಷ್ಟ. ದೂರು ನೀಡಲು ಇಷ್ಟವಿಲ್ಲದವರು ಸಾಲ ಪಡೆದವರಿಂದಲೇ ಅದನ್ನು ತೀರಿಸಿಸಿ ಬೇಬಾಕಿ ಪತ್ರ ಪಡೆಯಬೇಕಾಗುತ್ತದೆ.

8. ವಸೂಲಿದಾರರಿಗೆ ಇರುವ ಮಿತಿಗಳು

ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ವಸೂಲಿಗಾಗಿ ಬೆಳಿಗ್ಗೆ 8 ಗಂಟೆಗೆ ಮೊದಲು ಮತ್ತು ಸಂಜೆ 7 ಗಂಟೆಯ ನಂತರ ಕರೆ ಮಾಡುವಂತಿಲ್ಲ. ಬೆದರಿಕೆ, ಸಾರ್ವಜನಿಕವಾಗಿ ಅವಮಾನ, ಕುಟುಂಬದವರ ಅಥವಾ ಸ್ನೇಹಿತರ ಖಾಸಗಿತನಕ್ಕೆ ಭಂಗ, ಅನಾಮಧೇಯ ಕರೆ, ಅನುಚಿತ ಸಂದೇಶ ಇವೆಲ್ಲವೂ ನಿಷಿದ್ಧ.

ರಾಜ್ಯದಲ್ಲಿ ಕಿರುಸಾಲ ವಸೂಲಿಯ ಕಿರುಕುಳದ ಬಗ್ಗೆ ವ್ಯಾಪಕ ದೂರುಗಳು ಬಂದ ಹಿನ್ನೆಲೆಯಲ್ಲಿ, ಕರ್ನಾಟಕ ಕಿರು ಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ಪ್ರತಿಬಂಧ) ಅಧ್ಯಾದೇಶವನ್ನು 2025ರ ಫೆಬ್ರವರಿ 12ರಂದು ಜಾರಿಗೆ ತರಲಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ವಿಧಾನಮಂಡಲವು ಸಂಬಂಧಿಸಿದ ವಿಧೇಯಕಕ್ಕೆ ಅನುಮೋದನೆ ನೀಡಿತು. ಇದರ ವ್ಯಾಪ್ತಿಗೆ ಬರುವ ಕಿರುಸಾಲ ಮತ್ತು ಲೇವಾದೇವಿ ಸಂಸ್ಥೆಗಳು ಜಿಲ್ಲಾಧಿಕಾರಿಗಳಲ್ಲಿ ನೋಂದಾಯಿಸಿಕೊಳ್ಳಬೇಕು. ಸಾಲಗಾರರನ್ನು ಅಥವಾ ಅವರ ಕುಟುಂಬದವರನ್ನು ಬೆದರಿಸುವುದು, ಹಿಂಬಾಲಿಸುವುದು, ಮನೆಯ ಮುಂದೆ ಗೋಳಾಡಿಸುವುದು, ಸರ್ಕಾರಿ ಸೌಲಭ್ಯದ ದಾಖಲೆಗಳನ್ನು ಬಲವಂತವಾಗಿ ಕಿತ್ತುಕೊಳ್ಳುವುದು ಇವು ಅಪರಾಧಗಳು. ಆರು ತಿಂಗಳಿಂದ ಹತ್ತು ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳ ವಿಷಯದಲ್ಲಿ ಮೇಲೆ ಹೇಳಿದ ರಿಸರ್ವ್ ಬ್ಯಾಂಕಿನ ನಿಯಮಗಳ ಅಡಿಯಲ್ಲಿ ದೂರು ನೀಡಬಹುದು. ಬೆದರಿಕೆ ಮತ್ತು ಸುಲಿಗೆಗೆ ಭಾರತೀಯ ನ್ಯಾಯ ಸಂಹಿತೆಯ 351 ಮತ್ತು 308ನೇ ಕಲಮುಗಳು ಎಲ್ಲರಿಗೂ ಸಮಾನವಾಗಿ ಅನ್ವಯಿಸುತ್ತವೆ.

ತಿರುಚಿದ ಭಾವಚಿತ್ರಗಳನ್ನು ಪರಿಚಿತರಿಗೆ ಕಳುಹಿಸುವುದಾಗಿ ಬೆದರಿಸಿದಲ್ಲಿ ಹಣ ಕಟ್ಟಬಾರದು. ಒಮ್ಮೆ ಕಟ್ಟಿದವರನ್ನು ಮತ್ತೆ ಮತ್ತೆ ಕೇಳುವುದು ಇಂತಹ ತಂಡಗಳ ರೀತಿ. ಮನೆಯವರಿಗೆ ಹಾಗೂ ಆಪ್ತರಿಗೆ ವಿಷಯವನ್ನು ಮೊದಲೇ ತಿಳಿಸಿ, ಕೂಡಲೇ ದೂರು ದಾಖಲಿಸಬೇಕು. ಸಂತ್ರಸ್ತರು ತಪ್ಪಿತಸ್ಥರಲ್ಲ, ಈ ವಿಷಯದಲ್ಲಿ ನಾಚಿಕೆಪಡುವ ಕಾರಣವಿಲ್ಲ. ತೀವ್ರ ಮನೋವೇದನೆಗೆ ಒಳಗಾದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ವೇಳೆಯಲ್ಲಿ ಉಚಿತವಾಗಿ ಕರೆ ಮಾಡಬಹುದು.

9. ದೂರು ಸಲ್ಲಿಸಬಹುದಾದ ಕಚೇರಿಗಳು

(ಅ) ಪೊಲೀಸ್: ತುಮಕೂರಿನಲ್ಲಿ ಸೈಬರ್ ಅಪರಾಧಗಳಿಗಾಗಿ ಸಿಇಎನ್ ಠಾಣೆ ಇದೆ. ಗುಬ್ಬಿ ಮತ್ತು ಕುಣಿಗಲ್ ನಿವಾಸಿಗಳು ಮೊದಲ ದೂರಿಗಾಗಿ ತುಮಕೂರಿಗೆ ಬರಲೇಬೇಕೆಂದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ಮಾಹಿತಿ ನೀಡಬಹುದು. ಎಲೆಕ್ಟ್ರಾನಿಕ್ ಮೂಲಕ ನೀಡಿದ ಮಾಹಿತಿಗೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ದೂರು ದಾಖಲಿಸಲು ನಿರಾಕರಿಸಿದಲ್ಲಿ ಅದರ ಸಾರಾಂಶವನ್ನು ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಲಿಖಿತವಾಗಿ ಅಂಚೆಯಲ್ಲಿ ಕಳುಹಿಸಬಹುದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು.

(ಆ) ರಿಸರ್ವ್ ಬ್ಯಾಂಕ್ ಓಂಬಡ್ಸ್‌ಮನ್: ಸಂಸ್ಥೆಯು 30 ದಿನಗಳಲ್ಲಿ ಉತ್ತರಿಸದಿದ್ದಲ್ಲಿ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದಲ್ಲಿ ವಿಳಂಬವಿಲ್ಲದೆ ರಿಸರ್ವ್ ಬ್ಯಾಂಕಿನ ದೂರು ನಿರ್ವಹಣಾ ವ್ಯವಸ್ಥೆಯಲ್ಲಿ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಮಾಹಿತಿಗೆ ಉಚಿತ ದೂರವಾಣಿ 14448. ಮೊದಲು ಸಂಸ್ಥೆಗೆ ದೂರು ನೀಡದೆ ನೇರವಾಗಿ ಸಲ್ಲಿಸಿದ ದೂರು ತಿರಸ್ಕೃತವಾಗುವುದರಿಂದ 5ನೇ ಅಂಶದಲ್ಲಿ ತಿಳಿಸಿದ ಪತ್ರದ ಪ್ರತಿ ಅಗತ್ಯ.

(ಇ) ಗ್ರಾಹಕ ಆಯೋಗ: ಸಂಸ್ಥೆಯ ಕಚೇರಿ ಮುಂಬಯಿಯಲ್ಲಿರಲಿ, ಗುರುಗ್ರಾಮದಲ್ಲಿರಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಅದರಂತೆ ಗುಬ್ಬಿ ಮತ್ತು ಕುಣಿಗಲ್ ನಿವಾಸಿಗಳಿಗೂ ತುಮಕೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವೇ ಅನ್ವಯಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915.

(ಈ) ಕಾನೂನು ನೆರವು: ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಗುಬ್ಬಿ ಮತ್ತು ಕುಣಿಗಲ್‌ನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ವಿಕಲಚೇತನರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ವಸಂತನರಸಾಪುರದಂತಹ ಕೈಗಾರಿಕಾ ಪ್ರದೇಶಗಳ ಕಾರ್ಮಿಕರು ಈ ಸೌಲಭ್ಯವನ್ನು ಬಳಸಿಕೊಳ್ಳಬಹುದು. ಸಹಾಯವಾಣಿ ಸಂಖ್ಯೆ 15100.

10. ನೋಟಿಸುಗಳನ್ನು ಪರಿಶೀಲಿಸುವ ವಿಧಾನ

ವಾಟ್ಸ್‌ಆ್ಯಪ್‌ನಲ್ಲಿ ಬರುವ, ಲಾಂಛನ ಮತ್ತು ಮೊಹರು ಇರುವ ಎಲ್ಲ ಕಾಗದಗಳೂ ನ್ಯಾಯಾಲಯದ ನೋಟಿಸುಗಳಲ್ಲ. ಪ್ರಕರಣದ ಸಂಖ್ಯೆ ಇದ್ದಲ್ಲಿ ಇ-ಕೋರ್ಟ್ ಸೇವೆಯಲ್ಲಿ ಅಥವಾ ಸಂಬಂಧಿಸಿದ ನ್ಯಾಯಾಲಯದ ಕಚೇರಿಯಲ್ಲಿ ಪರಿಶೀಲಿಸಬಹುದು.

ಲೋಕ ಅದಾಲತ್ ನೋಟಿಸ್: ಪ್ರಕರಣ ದಾಖಲಾಗುವ ಮುನ್ನವೇ ರಾಜಿಗಾಗಿ ಸಾಲದಾತರು ಕಳುಹಿಸುವ ನೋಟಿಸ್ ಇದಾಗಿರಬಹುದು. ಹಾಜರಾಗಿ ಆಕ್ಷೇಪಣೆ ತಿಳಿಸುವುದು ಒಳ್ಳೆಯದು. ಆದರೆ ರಾಜಿಗೆ ಒಪ್ಪಲೇಬೇಕೆಂಬ ಕಡ್ಡಾಯವಿಲ್ಲ. ಒಪ್ಪಿ ಸಹಿ ಹಾಕಿದ ಮೇಲೆ ಅದಾಲತ್ತಿನ ತೀರ್ಪಿನ ವಿರುದ್ಧ ಮೇಲ್ಮನವಿಗೆ ಅವಕಾಶವಿಲ್ಲದ ಕಾರಣ, ತಮ್ಮದಲ್ಲದ ಸಾಲಕ್ಕೆ ಸಹಿ ಹಾಕಬಾರದು.

ಮಧ್ಯಸ್ಥಿಕೆ ನೋಟಿಸ್: ಇದನ್ನು ಕಡೆಗಣಿಸಬಾರದು. ಉತ್ತರಿಸದಿದ್ದಲ್ಲಿ ಏಕಪಕ್ಷೀಯ ತೀರ್ಪು ಬರಬಹುದು. ಅದನ್ನು ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿಗೊಳಿಸಲು ಅವಕಾಶವಿದೆ. ಸಾಲವನ್ನು ಹಾಗೂ ಮಧ್ಯಸ್ಥರ ನೇಮಕವನ್ನು ಒಪ್ಪುವುದಿಲ್ಲವೆಂದು ಲಿಖಿತವಾಗಿ ಉತ್ತರಿಸಿ ಕಾನೂನು ನೆರವು ಪಡೆಯಬೇಕು.

ಚೆಕ್ ಅಥವಾ ಸ್ವಯಂ ಪಾವತಿ ವಿಫಲವಾದ ಬಗ್ಗೆ ನೋಟಿಸ್: ಇದು ಕ್ರಿಮಿನಲ್ ಪ್ರಕರಣಕ್ಕೆ ದಾರಿಯಾಗಬಹುದು. ನೋಟಿಸ್ ತಲುಪಿದ 15 ದಿನಗಳ ಒಳಗೆ ಹಣ ಪಾವತಿಸಲು ಕಾನೂನು ಅವಕಾಶ ನೀಡುತ್ತದೆ. ಬಾಕಿಯನ್ನು ಒಪ್ಪದವರು ಅದೇ ಅವಧಿಯಲ್ಲಿ ವಕೀಲರ ಮೂಲಕ ಉತ್ತರಿಸಬೇಕು.

11. ಸಾಲ ಮಾಹಿತಿ ವರದಿಯನ್ನು ಸರಿಪಡಿಸುವುದು

ಜನರು ಸಾಮಾನ್ಯವಾಗಿ "ಸಿಬಿಲ್" ಎಂದು ಕರೆಯುವ ಈ ವರದಿಯನ್ನು ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ಸಿದ್ಧಪಡಿಸುತ್ತವೆ. ಪ್ರತಿ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ನಾಲ್ಕನ್ನೂ ಒಂದೇ ಬಾರಿಗೆ ಪಡೆಯುವ ಬದಲು ಮೂರು ತಿಂಗಳಿಗೊಂದರಂತೆ ಪಡೆದಲ್ಲಿ ವರ್ಷವಿಡೀ ನಿಗಾ ಇಟ್ಟಂತಾಗುತ್ತದೆ.

ತಪ್ಪು ನಮೂದಿನ ಬಗ್ಗೆ ಸಾಲ ಮಾಹಿತಿ ಸಂಸ್ಥೆಗೂ ಸಾಲದಾತ ಸಂಸ್ಥೆಗೂ ದೂರು ನೀಡಬೇಕು. 30 ದಿನಗಳಲ್ಲಿ ಪರಿಹಾರವಾಗದಿದ್ದಲ್ಲಿ, ನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ದೂರುದಾರರಿಗೆ ಪರಿಹಾರ ನೀಡಬೇಕೆಂಬ ನಿಯಮವು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸಾಲವನ್ನು ಸಂಸ್ಥೆಯು ಕೈಬಿಟ್ಟಿದೆ ಎಂದು ತಿಳಿಸಿದ ಮೇಲೂ ವರದಿಯಲ್ಲಿನ ನಮೂದು ಅಳಿದಿದೆಯೇ ಎಂದು ನೋಡುವುದು ಅಗತ್ಯ. ವರದಿ ಸರಿಯಾಗದ ಹೊರತು ಮುಂದಿನ ಸಾಲದ ಅರ್ಜಿಗೆ ಇದೇ ಅಡ್ಡಿ ಮತ್ತೆ ಎದುರಾಗುತ್ತದೆ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಾಲ ಕಟ್ಟದಿದ್ದರೆ ಪೊಲೀಸರು ಬಂಧಿಸುವರೇ?
ಉತ್ತರ: ಸಾಲ ಮರುಪಾವತಿ ಮಾಡಲಾಗದಿರುವುದು ಸಿವಿಲ್ ವಿಷಯ, ಅದೊಂದೇ ಕಾರಣಕ್ಕೆ ಪೊಲೀಸರು ಬಂಧಿಸುವಂತಿಲ್ಲ. ವಂಚನೆ ಅಥವಾ ಚೆಕ್ ಅಮಾನ್ಯದ ಪ್ರಕರಣಗಳು ಬೇರೆ. ವಿಡಿಯೋ ಕರೆಯಲ್ಲಿ ಮಾಡುವ "ಡಿಜಿಟಲ್ ಅರೆಸ್ಟ್" ಎಂಬುದು ಕಾನೂನಿನಲ್ಲಿ ಇಲ್ಲ.

ಪ್ರಶ್ನೆ: ಸ್ನೇಹಿತರ ಸಾಲಕ್ಕೆ ನನಗೆ ಕರೆ ಬರುತ್ತಿದೆ. ನಾನು ಕಟ್ಟಬೇಕೇ?
ಉತ್ತರ: ಜಾಮೀನು ಪತ್ರಕ್ಕೆ ಸಹಿ ಹಾಕಿರದಿದ್ದಲ್ಲಿ ಕಟ್ಟಬೇಕಾಗಿಲ್ಲ. ಪರಿಚಯಕ್ಕಾಗಿ ಹೆಸರು ನೀಡಿದ ಮಾತ್ರಕ್ಕೆ ಯಾರೂ ಜಾಮೀನುದಾರರಾಗುವುದಿಲ್ಲ.

ಪ್ರಶ್ನೆ: ಮೃತರಾದ ತಂದೆಯವರ ಹೆಸರಿನಲ್ಲಿ ಬಾಕಿ ಕೇಳುತ್ತಿದ್ದಾರೆ.
ಉತ್ತರ: ವಾರಸುದಾರರ ಹೊಣೆಯು ಮೃತರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಸೀಮಿತ. ಮರಣ ಪ್ರಮಾಣ ಪತ್ರದೊಂದಿಗೆ ಸಂಸ್ಥೆಗೆ ಬರೆದು, ಸಾಲಕ್ಕೆ ವಿಮೆ ಇತ್ತೇ ಎಂದೂ ವಿಚಾರಿಸಬೇಕು.

ಪ್ರಶ್ನೆ: ಬಹಳ ವರ್ಷಗಳ ಹಿಂದಿನ ಸಾಲವನ್ನು ಈಗ ಕೇಳಬಹುದೇ?
ಉತ್ತರ: ಸಾಲದ ಹಣಕ್ಕಾಗಿ ದಾವೆ ಹೂಡಲು ಕಾಲಮಿತಿ ಕಾಯ್ದೆ, 1963ರ ಪ್ರಕಾರ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ ಇದೆ. ಆ ಅವಧಿಯೊಳಗೆ ಸಾಲವನ್ನು ಲಿಖಿತವಾಗಿ ಒಪ್ಪಿಕೊಂಡಲ್ಲಿ ಅವಧಿಯನ್ನು ಹೊಸದಾಗಿ ಎಣಿಸಲಾಗುತ್ತದೆ. ಆದ್ದರಿಂದ ಹಳೆಯ ಬಾಕಿಯ ಬಗ್ಗೆ ಯಾವುದೇ ಕಾಗದಕ್ಕೆ ಸಹಿ ಹಾಕುವ ಮೊದಲು ಕಾನೂನು ಸಲಹೆ ಪಡೆಯಬೇಕು.

ಪ್ರಶ್ನೆ: ಖಾತೆಯಿಂದ ಪ್ರತಿ ತಿಂಗಳು ಹಣ ತಾನಾಗಿ ಕಡಿತವಾಗುತ್ತಿದೆ. ನಿಲ್ಲಿಸುವುದು ಹೇಗೆ?
ಉತ್ತರ: ಬ್ಯಾಂಕ್ ಶಾಖೆಗೆ ಲಿಖಿತ ಅರ್ಜಿ ನೀಡಿ ಸ್ವಯಂ ಪಾವತಿಯ ಅನುಮತಿಯನ್ನು ರದ್ದುಪಡಿಸಲು ಕೋರಬಹುದು. ಯುಪಿಐ ಮೂಲಕ ನೀಡಿದ ಅನುಮತಿಯನ್ನು ಅದೇ ಆ್ಯಪ್‌ನಲ್ಲಿ ರದ್ದುಪಡಿಸಬಹುದು. ಸಾಲ ನಿಜವಾಗಿದ್ದಲ್ಲಿ ಕಡಿತ ನಿಂತ ಮಾತ್ರಕ್ಕೆ ಬಾಕಿ ಇಲ್ಲವಾಗುವುದಿಲ್ಲ ಎಂಬುದನ್ನು ಗಮನಿಸಬೇಕು.

13. ದೂರಿನೊಂದಿಗೆ ಲಗತ್ತಿಸಬೇಕಾದ ದಾಖಲೆಗಳು

1. ಸಂಸ್ಥೆಗೆ ಸಲ್ಲಿಸಿದ ಆಕ್ಷೇಪಣೆಯ ಪ್ರತಿ ಮತ್ತು ಅಂಚೆ ರಸೀದಿ
2. ಕರೆ ಹಾಗೂ ಸಂದೇಶಗಳ ದಿನಾಂಕವಾರು ಪಟ್ಟಿ, ಪರದೆಯ ಚಿತ್ರಗಳು
3. ಸಂಬಂಧಿಸಿದ ಅವಧಿಯ ಬ್ಯಾಂಕ್ ಖಾತೆಯ ವಿವರ
4. ಸಾಲ ಮಾಹಿತಿ ವರದಿಯ ಪ್ರತಿ
5. ಗುರುತಿನ ಚೀಟಿಯ ಪ್ರತಿ (ಆಧಾರ್ ಆದಲ್ಲಿ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿ). ಪ್ರತಿಯ ಮೇಲೆ ಉದ್ದೇಶ ಮತ್ತು ದಿನಾಂಕವನ್ನು ಬರೆದು ಸಹಿ ಮಾಡತಕ್ಕದ್ದು.

ಈ ದಾಖಲೆಗಳನ್ನು ಒಂದೇ ಕಡತದಲ್ಲಿ ದಿನಾಂಕದ ಕ್ರಮದಲ್ಲಿ ಜೋಡಿಸಿಟ್ಟುಕೊಂಡಲ್ಲಿ ಮೇಲಿನ ಯಾವುದೇ ಕಚೇರಿಯಲ್ಲಿ ದೂರನ್ನು ಸುಲಭವಾಗಿ ಸಲ್ಲಿಸಬಹುದು. ಬಾಕಿ ಇತ್ಯರ್ಥವಾದ ನಂತರವೂ ಬೇಬಾಕಿ ಪತ್ರ ಮತ್ತು ಕಡತವನ್ನು ಜೋಪಾನವಾಗಿ ಕಾಯ್ದಿರಿಸಿಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.